ಪ್ರಶ್ನೆಗೆ ದಾರಿ ಬೇಕು

ಹಳೆಯ ಬೆಂಗಳೂರಿಗರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ವರ್ಷದಲ್ಲಿ ಒಂದು ದಿನ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಈ ಸಲ ಮೊಮ್ಮಗಳೊಂದಿಗೆ ನಾನೂ ಹೋಗಿದ್ದೆ.

ಅಧಿಕ ವೋಲ್ಟೇಜ್ ಪ್ರಯೋಗಾಲಯದಲ್ಲಿ ಕೃತಕ ಮಿಂಚು ಸಿಡಿದಾಗ ನೆರೆದವರೆಲ್ಲ ಕಿವಿ ಮುಚ್ಚಿಕೊಂಡರು. ಶಾಲಾ ಸಮವಸ್ತ್ರದ ಹುಡುಗನೊಬ್ಬ ಮಾತ್ರ ಕೈಯೆತ್ತಿದ: ‘ಕಟ್ಟಡದ ಮೇಲಿನ ಕಂಬಿ ಸಿಡಿಲನ್ನು ಹೇಗೆ ತಡೆಯುತ್ತೆ ಸಾರ್?’ ಸಂಶೋಧನಾ ವಿದ್ಯಾರ್ಥಿಯೊಬ್ಬರು ಕ್ಷಣಕಾಲ ಕನ್ನಡದ ಪದಗಳಿಗಾಗಿ ತಡಕಾಡಿ ಉತ್ತರಿಸಿದರು: ‘ತಡೆಯೋದಿಲ್ಲಪ್ಪ, ನೆಲಕ್ಕೆ ಇಳಿಯೋಕೆ ಸುಲಭವಾದ ದಾರಿ ಕೊಡುತ್ತೆ.’ ಹುಡುಗನ ಮುಖ ಅರಳಿತು. ಅರವತ್ತು ದಾಟಿದ ನನಗೂ ಅದು ಸರಿಯಾಗಿ ತಿಳಿದದ್ದು ಅಂದೇ.

1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಜಮ್‌ಷೆಟ್‌ಜಿ ಟಾಟಾ ಅವರ ಕನಸಿನಷ್ಟೇ ಮೈಸೂರು ಸಂಸ್ಥಾನ ನೀಡಿದ 371 ಎಕರೆ ನೆಲವೂ ಆಧಾರ. ಜನರ ನೆಲದಲ್ಲಿ, ಜನರ ತೆರಿಗೆಯಿಂದ ನಡೆಯುವ ವಿಜ್ಞಾನ ಜನರ ಭಾಷೆಯಲ್ಲಿ ಮಾತನಾಡುವುದು ಉಪಕಾರವಲ್ಲ, ಕರ್ತವ್ಯ. ಆ ವಿದ್ಯಾರ್ಥಿ ಅದನ್ನು ಸೊಗಸಾಗಿ ನೆರವೇರಿಸಿದರು.

ಆದರೆ ಸೋಮವಾರ ಆ ಹುಡುಗ ಮರಳುವುದು ತನ್ನ ತರಗತಿಗೆ. ಪಠ್ಯ ಮುಗಿಸುವ ಆತುರದಲ್ಲಿ ನಮ್ಮ ಎಷ್ಟೋ ಶಾಲೆಗಳಲ್ಲಿ ಪ್ರಶ್ನೆ ಕೇಳುವವನೇ ತಂಟೆಕೋರ. ಆದ್ದರಿಂದ ಒಂದು ದಿನದ ಬೆರಗು ಸಾಲದು. ನಗರದ ಪ್ರತಿಯೊಂದು ಸಂಶೋಧನಾ ಕೇಂದ್ರವೂ ತಿಂಗಳಿಗೊಮ್ಮೆಯಾದರೂ ತನ್ನ ಸಂಶೋಧಕರೊಬ್ಬರನ್ನು ನೆರೆಯ ಕನ್ನಡ ಶಾಲೆಗೆ ಕಳುಹಿಸಲಿ. ಶಿಕ್ಷಣ ಇಲಾಖೆ ಅದಕ್ಕೆಂದೇ ಒಂದು ಅವಧಿಯನ್ನು ಮೀಸಲಿಡಲಿ. ಅದು ಪಾಠದ ಅವಧಿಯಾಗದೆ ಮಕ್ಕಳು ಕೇಳುವ, ದೊಡ್ಡವರು ಉತ್ತರಿಸುವ ಅವಧಿಯಾಗಲಿ.

ಮಕ್ಕಳ ಪ್ರಶ್ನೆಗೂ ಬೇಕಾದದ್ದು ತಡೆಯಲ್ಲ, ದಾರಿ.