ಸಿಲಿಕೋನ್ ಹೋಸ್ ಹಾಕಿದರೆ ಕಾರಿನ ಪವರ್ ಹೆಚ್ಚುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಒಂದು ಲೆಕ್ಕ

"ಕಂಪನಿಯವರು ಕೊಟ್ಟ ರಬ್ಬರ್ ಹೋಸ್ ತೆಗೆದುಹಾಕಿ, ಸಿಲಿಕೋನ್ ಹೋಸ್ ಹಾಕಿಸಿ. ಪವರ್ ಜಾಸ್ತಿ, ಮೈಲೇಜ್ ಜಾಸ್ತಿ, ಎಂಜಿನ್ ತಂಪು." ಸ್ಪೋರ್ಟ್ಸ್ ಕಾರು, ಟರ್ಬೊ ಕಾರು ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ವಿಡಿಯೋಗಳು ಸುತ್ತುತ್ತಲೇ ಇರುತ್ತವೆ. ಬಾನೆಟ್ ಎತ್ತಿದರೆ ನೀಲಿಯೋ ಕೆಂಪೋ ಬಣ್ಣದ ಹೊಳೆಯುವ ಪೈಪು, ಹಿನ್ನೆಲೆಯಲ್ಲಿ ಎಂಜಿನ್ನಿನ ಗುಡುಗು. ನೋಡಿದವರಿಗೆ ಆಸೆ ಹುಟ್ಟುವುದು ಸಹಜ.

ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಚಾರ್ಮಾಡಿ ಘಾಟಿ ಹತ್ತುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲೇ ಓಡುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾರುಗಳಿಗೆ ಇದು ಬರೀ ಅಂದದ ಪ್ರಶ್ನೆಯೂ ಅಲ್ಲ. ಒಂದೊಂದಾಗಿ ನೋಡೋಣ.

ಈ ಹೋಸ್ ಮಾಡುವ ಕೆಲಸವೇನು?

ಪೆಟ್ರೋಲ್ ಉರಿಯಲು ಗಾಳಿ ಬೇಕು. 1 ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾಗುತ್ತದೆ. ಈ ಗಾಳಿ ಏರ್ ಫಿಲ್ಟರ್‌ನಲ್ಲಿ ಸೋಸಿಕೊಂಡು, ಒಂದು ಹೋಸ್ ಮೂಲಕ ಎಂಜಿನ್ನಿಗೋ ಟರ್ಬೊಗೋ ಹೋಗುತ್ತದೆ. ಟರ್ಬೊ ಇರುವ ಕಾರಿನಲ್ಲಿ ಇನ್ನೂ ಕೆಲವು ಹೋಸ್‌ಗಳಿರುತ್ತವೆ. ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಸಾಗಿಸುವುದು ಇವುಗಳ ಕೆಲಸ. ಮೊದಲನೆಯದು ಗಾಳಿ ಎಳೆಯುವ ಬದಿ, ಎರಡನೆಯದು ಒತ್ತಡದ ಬದಿ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಂಪನಿಯ ಹೋಸ್ ಬೆಳ್ತಂಗಡಿಯ ತೋಟಗಳಲ್ಲಿ ಹಾಲು ಇಳಿಸುವ ಮರದ ರಬ್ಬರ್ ಅಲ್ಲ. ಬಿಸಿ ಮತ್ತು ಎಣ್ಣೆಯ ಆವಿ ತಡೆಯುವಂತೆ ತಯಾರಿಸಿದ ಕೃತಕ ರಬ್ಬರ್. ಅದರಲ್ಲಿ ಕಾಣುವ ಮಡಿಕೆಗಳಿಗೂ ಕಾರಣವಿದೆ: ಎಂಜಿನ್ ಅಲುಗಾಡುವಾಗ ಹೋಸ್ ಬಾಗಬೇಕು, ಕಿತ್ತು ಬರಬಾರದು.

ಪವರ್ ಎಷ್ಟು ಹೆಚ್ಚಬಹುದು?

1.2 ಲೀಟರ್‌ನ ಸಾಮಾನ್ಯ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೊಮ್ಮೆ ಅದು 1.2 ಲೀಟರ್ ಗಾಳಿ ಎಳೆಯುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 60 ಲೀಟರ್. ಹೋಸ್‌ನ ಒಳ ಅಗಲ 60 ಮಿ.ಮೀ. ಇದ್ದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 21 ಮೀಟರ್.

ಈ ವೇಗದ ಗಾಳಿ ಮಡಿಕೆಗಳಿಗೂ ತಿರುವುಗಳಿಗೂ ಬಡಿದು ತನ್ನ ಚಲನೆಯ ಒತ್ತಡವನ್ನೆಲ್ಲ ಕಳೆದುಕೊಂಡಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ನಷ್ಟವಾಗುವುದು ಸುಮಾರು 250 ಪಾಸ್ಕಲ್. ವಾತಾವರಣದ ಒತ್ತಡ ಒಂದು ಲಕ್ಷ ಪಾಸ್ಕಲ್‌ಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ನಷ್ಟ ಶೇ. 0.25ರಷ್ಟು. ನಯವಾದ ಸಿಲಿಕೋನ್ ಹೋಸ್ ಈ ನಷ್ಟವನ್ನು ಸೊನ್ನೆಗೆ ಇಳಿಸಿದರೂ 100 ಎಚ್‌ಪಿ ಕಾರಿಗೆ ಸಿಗುವುದು ಕಾಲು ಎಚ್‌ಪಿ. ಎರಡು ಪಟ್ಟು ಗಾಳಿ ಎಳೆಯುವ ಟರ್ಬೊ ಎಂಜಿನ್ನಿನಲ್ಲಿ ಇದೇ ಲೆಕ್ಕ ಸುಮಾರು ಶೇ. 1ಕ್ಕೆ ಬರುತ್ತದೆ. ವಿಡಿಯೋಗಳಲ್ಲಿ ಹೇಳುವ ಹತ್ತು, ಹದಿನೈದು ಎಚ್‌ಪಿ ಇಲ್ಲಿಂದ ಬರಲು ಸಾಧ್ಯವಿಲ್ಲ.

ಮೈಲೇಜ್ ವಿಷಯ ಇನ್ನೂ ಸರಳ. ಬಿ.ಸಿ. ರೋಡ್‌ನಿಂದ ಬೆಳ್ತಂಗಡಿಗೆ ಸಾವಧಾನವಾಗಿ ಹೋಗುವಾಗ ಪೆಟ್ರೋಲ್ ಕಾರಿನ ಥ್ರಾಟಲ್ ಅರ್ಧಕ್ಕಿಂತ ಹೆಚ್ಚು ಮುಚ್ಚಿಯೇ ಇರುತ್ತದೆ. ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲ್‌ನ ಬಾಗಿಲು, ಹೋಸ್ ಅಲ್ಲ. ಹೋಸ್ ಬದಲಿಸಿದ ಮಾತ್ರಕ್ಕೆ ಮೈಲೇಜ್ ಹೆಚ್ಚುವುದಿಲ್ಲ.

ಗಾಳಿ ತಂಪಾಗುತ್ತದೆಯೇ?

ತಂಪು ಗಾಳಿಯಿಂದ ಪವರ್ ಹೆಚ್ಚುತ್ತದೆ ಎನ್ನುವುದು ನಿಜ. ಗಾಳಿ 10 ಡಿಗ್ರಿ ತಂಪಾದರೆ ಅದರ ಸಾಂದ್ರತೆ ಸುಮಾರು ಶೇ. 3 ಹೆಚ್ಚುತ್ತದೆ. ಆದರೆ ಅರ್ಧ ಮೀಟರ್ ಉದ್ದದ ಹೋಸ್‌ನೊಳಗೆ ಹಿಡಿಸುವುದು ಒಂದೂವರೆ ಲೀಟರ್‌ಗಿಂತ ಕಡಿಮೆ ಗಾಳಿ. ಸೆಕೆಂಡಿಗೆ 60 ಲೀಟರ್ ಓಡುವಾಗ ಗಾಳಿ ಆ ಹೋಸ್‌ನಲ್ಲಿ ಇರುವುದು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಅದು ಬಿಸಿಯಾಗುವುದು, ನಮ್ಮ ಲೆಕ್ಕದ ಪ್ರಕಾರ, ಒಂದು ಡಿಗ್ರಿಗಿಂತ ಕಡಿಮೆ. ಮೇಲಾಗಿ ಶಾಖ ಸಾಗಿಸುವ ಗುಣದಲ್ಲಿ ರಬ್ಬರ್‌ಗೂ ಸಿಲಿಕೋನ್‌ಗೂ ದೊಡ್ಡ ಅಂತರವಿಲ್ಲ. ಸಿಲಿಕೋನ್ ಬಿಸಿಯನ್ನು ತಾಳಿಕೊಳ್ಳುತ್ತದೆ, ಆದರೆ ಗಾಳಿಯನ್ನು ತಂಪು ಮಾಡುವುದಿಲ್ಲ. ಇವೆರಡೂ ಬೇರೆ ಬೇರೆ ಸಂಗತಿ.

ಮತ್ತೆ ವ್ಯತ್ಯಾಸ ಗೊತ್ತಾಗುವುದೇಕೆ?

ಮೊದಲ ಕಾರಣ ಶಬ್ದ. ಕಂಪನಿಯ ಹೋಸ್‌ಗೆ ಅಂಟಿಕೊಂಡಂತೆ ಕೆಲವು ಕಾರುಗಳಲ್ಲಿ ಖಾಲಿ ಡಬ್ಬದಂಥ ಭಾಗವಿರುತ್ತದೆ. ಅದು ಗಾಳಿ ಎಳೆಯುವ ಸದ್ದನ್ನು ಅಡಗಿಸುತ್ತದೆ. ಹೊಸ ಹೋಸ್ ಹಾಕುವಾಗ ಅದನ್ನು ತೆಗೆದರೆ ಎಂಜಿನ್ ಜೋರಾಗಿ ಉಸಿರಾಡುವುದು ಕೇಳಿಸುತ್ತದೆ. ಸದ್ದು ಹೆಚ್ಚಾದರೆ ವೇಗವೂ ಹೆಚ್ಚಾಯಿತು ಎಂದು ಮನಸ್ಸು ನಂಬುತ್ತದೆ. ಎರಡನೆಯ ಕಾರಣ, ಹಳೆಯ ಹೋಸ್ ಬಿರುಕು ಬಿಟ್ಟಿದ್ದರೆ ಹೊಸದು ಯಾವುದನ್ನು ಹಾಕಿದರೂ ಕಾರು ಚೆನ್ನಾಗಿ ಓಡುತ್ತದೆ. ಅದು ಸೋರಿಕೆ ನಿಂತ ಪುಣ್ಯ, ಸಿಲಿಕೋನ್‌ನದಲ್ಲ. ಮೂರನೆಯದು, ಹಲವರು ಹೋಸ್ ಜೊತೆಗೇ ಏರ್ ಫಿಲ್ಟರ್ ಬದಲಿಸಿ, ಎಂಜಿನ್ನಿನ ಸಾಫ್ಟ್‌ವೇರನ್ನೂ ಬದಲಿಸಿರುತ್ತಾರೆ. ಸಾಫ್ಟ್‌ವೇರ್ ಟರ್ಬೊ ಒತ್ತಡವನ್ನೇ ಏರಿಸುತ್ತದೆ, ಹೆಸರು ಮಾತ್ರ ಬಣ್ಣದ ಹೋಸ್‌ಗೆ ಹೋಗುತ್ತದೆ.

ಸಿಲಿಕೋನ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ?

ಒತ್ತಡದ ಬದಿಯಲ್ಲಿ ಒಳ್ಳೆಯ ಸಿಲಿಕೋನ್ ಹೋಸ್‌ಗೆ ನಿಜವಾದ ಬೆಲೆಯಿದೆ. ಅದು ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಬಟ್ಟೆಯ ಪದರಗಳನ್ನು ಒಳಗಿಟ್ಟು ಮಾಡಿದ ಹೋಸ್ ಒತ್ತಡಕ್ಕೆ ಉಬ್ಬುವುದಿಲ್ಲ. ಲಾರಿ, ಬಸ್ಸುಗಳಲ್ಲೂ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವಂಥ ರ‍್ಯಾಲಿಗಳ ಕಾರುಗಳಲ್ಲೂ ಇದನ್ನು ಬಳಸುವುದು ಅದಕ್ಕೇ. ಅಲ್ಲಿ ಬೇಕಾಗಿರುವುದು ಹೆಚ್ಚು ಪವರ್ ಅಲ್ಲ, ಕೈಕೊಡದ ಬಾಳಿಕೆ.

ಸೋಲುವುದು ಎಣ್ಣೆಯ ಎದುರು. ಎಂಜಿನ್ನಿನ ಆಯಿಲ್ ಆವಿ ಒಂದು ಸಣ್ಣ ಪೈಪಿನ ಮೂಲಕ ಗಾಳಿ ಎಳೆಯುವ ಹೋಸ್‌ಗೇ ಬಂದು ಸೇರುತ್ತದೆ. ಸಾದಾ ಸಿಲಿಕೋನ್ ಆಯಿಲ್ ಮತ್ತು ಪೆಟ್ರೋಲ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಒಳಭಾಗಕ್ಕೆ ಫ್ಲೋರೋಸಿಲಿಕೋನ್ ಪದರ ಬೇಕು. ಕಡಿಮೆ ಬೆಲೆಯ ಹೋಸ್‌ಗಳಲ್ಲಿ ಬಣ್ಣ ಇರುತ್ತದೆ, ಈ ಪದರ ಇರುವುದಿಲ್ಲ. ಇನ್ನೊಂದು ದೌರ್ಬಲ್ಯ, ಸಿಲಿಕೋನ್ ಸುಲಭವಾಗಿ ಹರಿಯುತ್ತದೆ. ಚೂಪಾದ ಅಂಚಿನ ಹೋಸ್ ಕ್ಲಿಪ್ ಬಿಗಿದರೆ ಅಲ್ಲಿಂದಲೇ ಸೀಳು ಶುರು.

ಇದರ ಪರಿಣಾಮ ಗ್ಯಾರೇಜಿನಲ್ಲಿ ಅಲ್ಲ, ರಸ್ತೆಯಲ್ಲಿ ಕಾಣುತ್ತದೆ. ಮೂಡುಬಿದಿರೆ–ಕಾರ್ಕಳ ರಸ್ತೆಯಲ್ಲಿ ಬಸ್ಸನ್ನು ಹಿಂದಿಕ್ಕುವಾಗ ಒತ್ತಡದ ಹೋಸ್ ಕಳಚಿತು ಎಂದರೆ ಟರ್ಬೊದ ಬಲ ಒಮ್ಮೆಲೇ ಇಲ್ಲವಾಗುತ್ತದೆ. ಎದುರಿಂದ ವಾಹನ ಬರುತ್ತಿರುತ್ತದೆ, ನಿಮ್ಮ ಕಾರು ಮುಂದೆ ಹೋಗುವುದಿಲ್ಲ. ಚಾರ್ಮಾಡಿಯ ತಿರುವಿನ ಏರಿನಲ್ಲಿ, ಮಂಜು ಕವಿದಾಗ ಹೀಗಾದರೆ ಹಿಂದಿನವರಿಗೂ ಅಪಾಯ. ಸಣ್ಣ ಸೋರಿಕೆಯಾದರೂ ಗಾಳಿಯ ಅಳತೆ ತಪ್ಪಿ ಚೆಕ್ ಎಂಜಿನ್ ದೀಪ ಹತ್ತುತ್ತದೆ.

ನಮ್ಮೂರ ಮಳೆಯ ವಿಷಯ

ಕೆಲವು ಕಿಟ್‌ಗಳಲ್ಲಿ ಹೋಸ್‌ನ ಬಾಯಿಯನ್ನು ಬಂಪರ್ ಹಿಂದೆ ಕೆಳಕ್ಕೆ ಇಳಿಸುತ್ತಾರೆ. ಹೊರಗಿನ ತಂಪು ಗಾಳಿ ಸಿಗಲಿ ಎಂದು. ಒಣ ಊರಿಗೆ ಅದು ಸರಿಯಿರಬಹುದು. ನೇತ್ರಾವತಿ ಉಕ್ಕಿದರೆ ಬಂಟ್ವಾಳ ಪೇಟೆಯ ತಗ್ಗು ಜಾಗಗಳಿಗೆ ನೀರು ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕು ನೆರೆಯನ್ನೂ, ಚಾರ್ಮಾಡಿ ಘಾಟಿ ಗುಡ್ಡ ಕುಸಿತವನ್ನೂ ಕಂಡಿತ್ತು. ಇಂಥ ಕಡೆ ತಗ್ಗಿದ ಬಾಯಿ ನೀರು ಕುಡಿಯುತ್ತದೆ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲು ಆಗದು. ಸಿಲಿಂಡರ್‌ಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗಿ, ಎಂಜಿನ್ ಬಿಚ್ಚಬೇಕಾಗುತ್ತದೆ. ಹೀಗಾದ ಹಾನಿಗೆ ಸಾಮಾನ್ಯ ವಿಮೆ ಹೆಚ್ಚಾಗಿ ಹಣ ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಭಾಗವನ್ನು ಪ್ರತ್ಯೇಕವಾಗಿ ಕೊಂಡಿರಬೇಕು. ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಲ್ಲೂ ತಕರಾರು ಬರಬಹುದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಕಾಯ್ದೆಯ ವಿವರಣೆಯಲ್ಲಿ 'ಬದಲಾವಣೆ' ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ. ಅದೇ ಅಳತೆಯ ಹೋಸ್ ಹಾಕುವುದು ಅಷ್ಟು ದೂರ ಹೋಗುವುದಿಲ್ಲ. ಆದರೆ ಜೊತೆಗೆ ಸೈಲೆನ್ಸರ್ ಬದಲಿಸಿ ಸದ್ದು, ಹೊಗೆ ಮಿತಿ ಮೀರಿದರೆ ಅದು ಬೇರೆಯೇ ಪ್ರಕರಣ. ಇನ್ನು, ಹೊರಗಿನ ಹೋಸ್‌ನಿಂದ ದೋಷ ಬಂತು ಎಂದಾದರೆ ಆ ದುರಸ್ತಿಗೆ ವಾರಂಟಿ ಸಿಗದೆ ಹೋಗಬಹುದು.

ಹಾಕಿಸಲೇಬೇಕು ಎಂದಿದ್ದರೆ

• ಮೊದಲು ಹಳೆಯದನ್ನು ನೋಡಿ. ಮಡಿಕೆಗಳನ್ನು ಬಿಡಿಸಿ ನೋಡಿದಾಗ ಬಿರುಕಿಲ್ಲದಿದ್ದರೆ, ಆಯಿಲ್ ಒಸರದಿದ್ದರೆ ಬದಲಿಸುವ ಅಗತ್ಯವಿಲ್ಲ.
• ಒಳಗೆ ಫ್ಲೋರೋಸಿಲಿಕೋನ್ ಪದರವಿದೆಯೇ, ಎಷ್ಟು ಬಟ್ಟೆಯ ಪದರಗಳಿವೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.
• ನಿಮ್ಮ ಕಾರಿನ ಮಾಡೆಲ್‌ಗೇ ಮಾಡಿದ ಹೋಸ್ ಇರಲಿ. ಸೆನ್ಸರ್ ಮತ್ತು ಆವಿ ಪೈಪಿನ ಜಾಗಗಳು ಹಳೆಯದರಂತೆಯೇ ಇರಬೇಕು.
• ಒಳ ಅಂಚು ನಯವಾಗಿರುವ ಕ್ಲಿಪ್ ಬಳಸಿ. ಜೋಡಿಸುವ ಜಾಗದಲ್ಲಿ ಆಯಿಲ್ ಜಿಡ್ಡು ಇರಬಾರದು.
• ಕೆಲವು ದಿನ ಓಡಿಸಿ, ಎಂಜಿನ್ ತಣ್ಣಗಿರುವಾಗ ಕ್ಲಿಪ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ.
• ಗಾಳಿ ಎಳೆಯುವ ಬಾಯಿಯನ್ನು ಕಂಪನಿ ಇಟ್ಟ ಎತ್ತರಕ್ಕಿಂತ ಕೆಳಗೆ ಇಳಿಸಬೇಡಿ.

ಕೊನೆಯ ಮಾತು

ಮುಂದಿನ ಸಲ ಇಂಥ ವಿಡಿಯೋ ಬಂದಾಗ ಎರಡು ಪ್ರಶ್ನೆ ಕೇಳಿ. ಹೋಸ್ ಒಂದನ್ನೇ ಬದಲಿಸಿ, ಅದೇ ದಿನ, ಅದೇ ಕಾರನ್ನು ಡೈನೊ ಯಂತ್ರದಲ್ಲಿ ಮೊದಲು ಮತ್ತು ನಂತರ ಅಳೆದು ತೋರಿಸಿದ್ದಾರೆಯೇ? ವಿಡಿಯೋ ಮಾಡಿದವರೇ ಆ ಹೋಸ್ ಮಾರುತ್ತಿದ್ದಾರೆಯೇ? ಮೊದಲನೆಯದಕ್ಕೆ 'ಇಲ್ಲ', ಎರಡನೆಯದಕ್ಕೆ 'ಹೌದು' ಎಂದಾದರೆ ಅದು ಮಾಹಿತಿಯಲ್ಲ, ಜಾಹೀರಾತು. ಆ ಕೆಲವು ಸಾವಿರ ರೂಪಾಯಿಯನ್ನು ಮಳೆಗಾಲಕ್ಕೆ ಮುಂಚೆ ಟಯರ್, ಬ್ರೇಕ್ ಪ್ಯಾಡ್, ವೈಪರ್‌ಗೆ ಹಾಕಿದರೆ ಚಾರ್ಮಾಡಿ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ. ಗುಂಪಿಗೆ ಏನನ್ನಾದರೂ ಫಾರ್ವರ್ಡ್ ಮಾಡುವುದಿದ್ದರೆ, ಈ ಮಾತನ್ನು ಮಾಡಿ.