ಇಂಟರ್ನ್‌ಶಿಪ್ಪಿಗೆ ಸ್ಟುಟ್‌ಗಾರ್ಟೇ ಆಗಬೇಕಾ? ಪೀಣ್ಯ ಎಲ್ಲಿಗೆ ಹೋಯ್ತು?



ಪ್ರತಿ ಬೇಸಿಗೆಯಲ್ಲೂ ನಮ್ಮ ಕಡೆಯ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಎರಡು-ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆಂದು ಜರ್ಮನಿಗೆ ಬರುತ್ತಾರೆ. ವಾಪಸ್ ಹೊರಡುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಕಾಲೇಜಲ್ಲಿ ನಾಲ್ಕು ವರ್ಷದಲ್ಲಿ ಕಲಿಯದ್ದನ್ನ ಇಲ್ಲಿ ಎರಡು ತಿಂಗಳಲ್ಲಿ ಕಲಿತೆ ಸಾರ್." ಊರಲ್ಲಿ ಕೇಳಿಸಿಕೊಂಡವರು "ಫಾರಿನ್ ಅಂದ್ರೆ ಫಾರಿನ್ನೇ" ಅಂತ ತಲೆಯಾಡಿಸಿ ಸುಮ್ಮನಾಗುತ್ತಾರೆ. ಇದಕ್ಕಿಂತ ಸೋಮಾರಿ ತೀರ್ಮಾನ ಇನ್ನೊಂದಿಲ್ಲ.

ಇಲ್ಲಿನ ಗಾಳಿಯಲ್ಲಿ ವಿದ್ಯೆ ತೇಲಾಡ್ತಿಲ್ಲ ಸ್ವಾಮಿ! ಬಂದ ಮೊದಲ ವಾರವೇ ಹುಡುಗನ ಕೈಗೆ ನಿಜವಾದ ಕೆಲಸ ಬೀಳುತ್ತದೆ. ಅವನು ಬರೆದ ಕೋಡನ್ನು ಹಿರಿಯರೊಬ್ಬರು ಸಾಲುಸಾಲಾಗಿ ಓದಿ, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಅಂತ ತೋರಿಸುತ್ತಾರೆ. "ಗೊತ್ತಿಲ್ಲ" ಅಂದರೆ ಇಂಟರ್ನಲ್ಸ್ ಮಾರ್ಕ್ಸ್ ಹೋಗುವುದಿಲ್ಲ. ನಮ್ಮಲ್ಲಿ? ಸೀನಿಯರ್ ಹತ್ತಿರ ಇಸ್ಕೊಂಡ ಲ್ಯಾಬ್ ರೆಕಾರ್ಡು, ಪ್ರಯೋಗಕ್ಕೆ ಮುಂಚೆಯೇ ಬರೆದಿಟ್ಟ ರೀಡಿಂಗು, ವೈವಾದಲ್ಲಿ ಉರು ಹೊಡೆದ ಡೆಫಿನಿಷನ್ನು. ಮೆಷೀನ್ ಮುಟ್ಟಿದರೆ ಅಟೆಂಡರ್ ಬೈತಾನೆ.

ನಾನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಡುವಾಲೆ ಹೋಖ್‌ಶೂಲೆಯನ್ನೇ ನೋಡಿ. 1974ರಲ್ಲಿ ಶುರುವಾದ ವೃತ್ತಿ ಅಕಾಡೆಮಿಗಳೇ 2009ರಲ್ಲಿ ಈ ಹೆಸರಿನ ವಿಶ್ವವಿದ್ಯಾಲಯವಾದವು. ವಿದ್ಯಾರ್ಥಿ ಸುಮಾರು ಮೂರು ತಿಂಗಳು ತರಗತಿಯಲ್ಲಿ, ಮೂರು ತಿಂಗಳು ಕಂಪನಿಯಲ್ಲಿ. ಸಂಬಳ ಕಂಪನಿಯದ್ದು. (ಇಲ್ಲೂ ಎಲ್ಲಾ ಚೆನ್ನಾಗಿಲ್ಲ: 2015ರ ಕನಿಷ್ಠ ಕೂಲಿ ಕಾನೂನು ಕೋರ್ಸಿನ ಭಾಗವಾದ ಕಡ್ಡಾಯ ಇಂಟರ್ನ್‌ಶಿಪ್ಪಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಪುಕ್ಕಟೆ ದುಡಿಸಿಕೊಳ್ಳಲು ದಾರಿ ಇದ್ದೇ ಇದೆ.)

ಇನ್ನೊಂದು ಮಾತು, ಯಾರೂ ಆಡದೇ ಇರೋದು. ಇಲ್ಲಿ ಟರ್ನರ್, ಅಪ್ರೆಂಟಿಸ್, ಪ್ರೊಫೆಸರ್ ಮೂವರೂ ಕೆಲಸದ ಬಗ್ಗೆ ಮಾತಾಡೋದು ಜರ್ಮನ್ನಿನಲ್ಲಿ. ಟಾರ್ಕಿಗೆ ಅವರು 'ಡ್ರೇಮೊಮೆಂಟ್' ಅಂತಾರೆ. 'ತಿರುಗು' ಅನ್ನೋದು ಆ ಪದದೊಳಗೇ ಇದೆ. ನಮ್ಮಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ಹುಡುಗಿ, ಪಂಪ್‌ಸೆಟ್ ಬಿಚ್ಚಿ ಜೋಡಿಸಬಲ್ಲವಳು, ವೈವಾದ ಇಂಗ್ಲಿಷಿಗೆ ಹೆದರಿ ಬಾಯಿ ಬಿಡದೆ ಕೂರುತ್ತಾಳೆ. ಅವಳಿಗೆ ದಡ್ಡಿ ಅನ್ನೋ ಪಟ್ಟ!

ಅದೇ ಹುಡುಗಿಯನ್ನು ಪೀಣ್ಯದ ಒಂದು ವರ್ಕ್‌ಶಾಪಿಗೆ ಕಳಿಸಿ ನೋಡಿ. ಲೇತ್ ಮುಂದೆ ಇಪ್ಪತ್ತು ವರ್ಷ ನಿಂತವರು ಅವಳಿಗೆ ಅರ್ಥವಾಗುವ ಕನ್ನಡದಲ್ಲೇ ಹೇಳಿಕೊಡುತ್ತಾರೆ. ವೀಸಾ ಬೇಡ, ಬ್ಯಾಂಕ್ ಸಾಲ ಬೇಡ. 2014ರಿಂದ ಅಲ್ಲಿಗೆ ಮೆಟ್ರೋನೂ ಇದೆ. ವಿಟಿಯು ಇಂಟರ್ನ್‌ಶಿಪ್ಪನ್ನು ಕಡ್ಡಾಯ ಮಾಡಿಯೂ ಆಗಿದೆ. ಆದರೆ ಆಗ್ತಿರೋದೇನು? ದುಡ್ಡು ಕಟ್ಟಿ, ನಾಲ್ಕು ವಿಡಿಯೋ ನೋಡಿದರೆ ಸರ್ಟಿಫಿಕೇಟ್ ಮೇಲ್‌ನಲ್ಲಿ ಬರುತ್ತೆ. ಕಾಲೇಜಿನವರು ಕಣ್ಣು ಮುಚ್ಚಿ ಸಹಿ ಹಾಕ್ತಾರೆ. ವಿದ್ಯಾರ್ಥಿಯೇ ದುಡ್ಡು ಕೊಡುವ ಇಂಟರ್ನ್‌ಶಿಪ್ಪು ಯಾವ ಸೀಮೆದು?

ಹೊರನಾಡಲ್ಲಿರುವ ನಾವು ಊರಿನ ಹುಡುಗರಿಗೆ "ಹೇಗಾದ್ರೂ ಮಾಡಿ ಇಲ್ಲಿಗೆ ಬಾ" ಅಂತ ಬುದ್ಧಿ ಹೇಳಿದ್ದು ಸಾಕು. ಬರುವವರು ಬರಲಿ, ಬೇಡ ಅನ್ನಲ್ಲ. ಆದರೆ ಬರಲಾಗದ ಲಕ್ಷಾಂತರ ಮಂದಿಯ ಪಾಲಿಗೆ ಕಾಲೇಜೇ ಕೊನೆ. ಹಳೇ ವಿದ್ಯಾರ್ಥಿ ಸಂಘಕ್ಕೆ ಡಾಲರು, ಯೂರೋ ಕಳಿಸುವ ಮುಂಚೆ ಈ ವಾರವೇ ನೀವು ಓದಿದ ಕಾಲೇಜಿನ ಪ್ರಿನ್ಸಿಪಾಲರಿಗೆ ಒಂದು ಮೇಲ್ ಬರೆಯಿರಿ, ಕನ್ನಡದಲ್ಲೇ: ಕಳೆದ ವರ್ಷ ನಿಮ್ಮ ಎಷ್ಟು ಮಂದಿ ವಿದ್ಯಾರ್ಥಿಗಳು ನಿಜವಾಗಿ ಕೆಲಸದ ಜಾಗಕ್ಕೆ ಹೋದರು? ಎಷ್ಟು ಮಂದಿ ದುಡ್ಡು ಕೊಟ್ಟು ಕಾಗದ ತಂದರು?