ಪುಸ್ತಕದ ಬದನೆಕಾಯಿ, ಹೊಲದ ಬದನೆಕಾಯಿ

‘ಪುಸ್ತಕದ ಬದನೆಕಾಯಿ ಸಾರಿಗೆ ಬಾರದು’ ಎಂಬುದು ನಮ್ಮಲ್ಲಿ ಹಳೆಯ ಮಾತು. ಬರೀ ಓದಿಕೊಂಡವರನ್ನು ಕಿಚಾಯಿಸಲು ಈಗಲೂ ಅದನ್ನು ಬಳಸುತ್ತೇವೆ. 2010ರ ಆರಂಭದಲ್ಲಿ ಈ ಬದನೆಕಾಯಿ ನಿಜವಾಗಿಯೂ ಪ್ರಯೋಗಶಾಲೆಯಿಂದ ಹೊಲಕ್ಕಿಳಿಯಲು ಹೊರಟಿತ್ತು. ಆಗ ವಿಜ್ಞಾನಿಗಳು, ಮಂತ್ರಿಗಳು, ರೈತರು, ಬೀಜದ ಕಂಪನಿಯವರು, ಗ್ರಾಹಕರು ಒಂದೇ ಸಭಾಂಗಣದಲ್ಲಿ ಕೂತು ವಾದಿಸಿದರು. ನಮ್ಮ ದೇಶದಲ್ಲಿ ಒಂದು ತರಕಾರಿಯ ಬಗ್ಗೆ ಅಷ್ಟು ದೊಡ್ಡ ಪಂಚಾಯಿತಿ ಅದಕ್ಕೆ ಮೊದಲು ನಡೆದಿರಲಿಲ್ಲ.

ಅದನ್ನು ಈಗ ನೆನೆಯಲು ಕಾರಣವಿದೆ. ಟಿ.ವಿ.ಯಲ್ಲಾಗಲಿ ಮೊಬೈಲಿನಲ್ಲಾಗಲಿ ತಜ್ಞರೂ ರಾಜಕಾರಣಿಗಳೂ ಎದುರುಬದುರು ಕೂತು ಮಾತಾಡುವ ಕಾರ್ಯಕ್ರಮಗಳಿಗೆ ಇಂದು ಬರವಿಲ್ಲ. ಅಣೆಕಟ್ಟು, ಪರೀಕ್ಷೆ, ಲಸಿಕೆ, ಬೀಜ, ಹೀಗೆ ದಿನಕ್ಕೊಂದು ವಿಷಯ. ಮನೆಮಂದಿಯೆಲ್ಲ ನೋಡುತ್ತಾರೆ. ಮುಗಿದ ಮೇಲೆ ಕೇಳಿಬರುವ ತೀರ್ಪುಗಳು ಮಾತ್ರ ಎರಡೇ. ‘ಓದಿದವರು ಹೇಳಿದ ಮೇಲೆ ಮುಗಿಯಿತು, ಈ ಪುಢಾರಿಗಳಿಗೇನು ಗೊತ್ತು?’ ಎಂಬುದು ಒಂದು. ‘ಆ ತಜ್ಞ ಯಾರ ಕಡೆಯವನೋ ಯಾರು ಬಲ್ಲರು?’ ಎಂಬುದು ಇನ್ನೊಂದು. ಮಕ್ಕಳು ಇವನ್ನು ಕೇಳಿಸಿಕೊಂಡು ಮಾರನೆಯ ದಿನ ತರಗತಿಗೆ ತರುತ್ತಾರೆ. ಎರಡರಲ್ಲೂ ಒಂದು ಅನುಕೂಲವಿದೆ: ಯೋಚನೆ ಮಾಡುವ ಶ್ರಮ ತಪ್ಪುತ್ತದೆ.

ಬದನೆಕಾಯಿಯ ಕಥೆಗೆ ಬರೋಣ.

ಬದನೆಗೆ ದೊಡ್ಡ ಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಪತಂಗ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳು ಕುಡಿಯೊಳಗೆ, ಕಾಯಿಯೊಳಗೆ ಹೊಕ್ಕು ಕೂರುತ್ತದೆ. ಒಳಗೆ ಸೇರಿದ ಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ತಾಗುವುದಿಲ್ಲ. ಆದ್ದರಿಂದ ರೈತ ಹುಳು ಒಳಹೋಗುವ ಮೊದಲೇ ಕೊಲ್ಲಬೇಕೆಂದು ಮತ್ತೆ ಮತ್ತೆ ವಿಷ ಹೊಡೆಯುತ್ತಾನೆ. ಅದರ ಅಂಶ ಅವನ ಮೈಗೂ ತಾಗುತ್ತದೆ, ಸಂತೆಯ ಚೀಲದಲ್ಲಿ ನಮ್ಮ ಅಡುಗೆಮನೆಗೂ ಬರಬಹುದು.

ಇದಕ್ಕೆ ವಿಜ್ಞಾನಿಗಳು ಹುಡುಕಿದ ಉಪಾಯ ಹೀಗಿತ್ತು. ಮಣ್ಣಿನಲ್ಲಿ ‘ಬ್ಯಾಸಿಲಸ್ ತುರಿಂಜಿಯೆನ್ಸಿಸ್’ ಎಂಬ ಬ್ಯಾಕ್ಟೀರಿಯಾ ಇದೆ, ಚಿಕ್ಕದಾಗಿ ಬಿಟಿ. ಅದು ತಯಾರಿಸುವ ಒಂದು ಪ್ರೋಟೀನು ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಜೀವಕೋಶಗಳಿಗೆ ಅಂಟಿಕೊಂಡು ತೂತು ಮಾಡುತ್ತದೆ. ಹುಳು ಸಾಯುತ್ತದೆ. ಆ ಪ್ರೋಟೀನಿನ ಜೀನನ್ನು ಬದನೆ ಗಿಡಕ್ಕೇ ಸೇರಿಸಿಬಿಟ್ಟರೆ ಗಿಡ ತನ್ನ ರಕ್ಷಣೆಯನ್ನು ತಾನೇ ಮಾಡಿಕೊಳ್ಳುತ್ತದೆ. ಮಹಾರಾಷ್ಟ್ರದ ಮಹಿಕೊ ಕಂಪನಿ ಈ ಕುಲಾಂತರಿ ಬದನೆಯನ್ನು ಸಿದ್ಧಪಡಿಸಿತು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ಯೋಜನೆಯಲ್ಲಿ ಪಾಲುದಾರರಾಗಿದ್ದವು. ಬಿಟಿ ಹತ್ತಿಗೆ 2002ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಹತ್ತಿಯನ್ನು ನಾವು ಉಡುತ್ತೇವೆ, ಬದನೆಯನ್ನು ಉಣ್ಣುತ್ತೇವೆ.

2009ರ ಅಕ್ಟೋಬರ್ 14ರಂದು ಕೇಂದ್ರ ಸರ್ಕಾರದ ತಜ್ಞರ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು. ಕಡತ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರ ಮೇಜಿಗೆ ಬಂತು. ಚಿಕ್ಕಮಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿದವರು ಅವರು. ತಜ್ಞರು ಒಪ್ಪಿದ್ದಾರೆ ಎಂದು ಸಹಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅದರ ಬದಲು 2010ರ ಜನವರಿ, ಫೆಬ್ರವರಿಯಲ್ಲಿ ಕೋಲ್ಕತ್ತ, ಭುವನೇಶ್ವರ, ಅಹಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್, ಬೆಂಗಳೂರು ಹೀಗೆ ಏಳು ನಗರಗಳಲ್ಲಿ ಬಹಿರಂಗ ಸಭೆ ಕರೆದರು. ಎಲ್ಲ ಸೇರಿ ಸುಮಾರು 8,000 ಜನ ಬಂದರು. ಕೊನೆಯ ಸಭೆ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಘೋಷಣೆ, ಗದ್ದಲ ಎಲ್ಲವೂ ಇದ್ದವು. ಮೂರು ದಿನ ಬಿಟ್ಟು, ಫೆಬ್ರವರಿ 9ರಂದು, ಸಚಿವರು ತೀರ್ಮಾನ ಪ್ರಕಟಿಸಿದರು: ಬಿಟಿ ಬದನೆಗೆ ಸದ್ಯಕ್ಕೆ ತಡೆ. ಆ ತಡೆ ಇಂದಿಗೂ ತೆರವಾಗಿಲ್ಲ.

ತಜ್ಞರೆಲ್ಲ ಒಂದು ಕಡೆ, ರಾಜಕಾರಣಿಗಳೆಲ್ಲ ಇನ್ನೊಂದು ಕಡೆ ಇದ್ದರೇ? ಇರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಜಿ. ಪದ್ಮನಾಭನ್ ಅವರು ಕುಲಾಂತರಿ ಬೆಳೆಗಳ ಪರ. ಹೈದರಾಬಾದಿನ ಸಿಸಿಎಂಬಿ ಕಟ್ಟಿದ ಪುಷ್ಪ ಭಾರ್ಗವ ಅವರನ್ನು ಸುಪ್ರೀಂ ಕೋರ್ಟೇ ತಜ್ಞರ ಸಮಿತಿಗೆ ವೀಕ್ಷಕರಾಗಿ ಕಳಿಸಿತ್ತು. ಆಗಿರುವ ಪರೀಕ್ಷೆಗಳು ಸಾಲವು ಎಂದರು ಅವರು. ಹಸಿರು ಕ್ರಾಂತಿಯ ಎಂ.ಎಸ್. ಸ್ವಾಮಿನಾಥನ್ ಜೈವಿಕ ತಂತ್ರಜ್ಞಾನದ ವಿರೋಧಿಯಲ್ಲ. ಆದರೂ ದೀರ್ಘಕಾಲದ ವಿಷಪರೀಕ್ಷೆ ನಡೆಯಲಿ, ನಮ್ಮ ನಾಟಿ ಬದನೆ ತಳಿಗಳನ್ನು ಮೊದಲು ಸಂಗ್ರಹಿಸಿಡಿ ಎಂದು ಸಲಹೆ ಕೊಟ್ಟರು. ಇನ್ನು ರಾಜಕಾರಣಿಗಳ ಪೈಕಿ, ಅದೇ ಸಂಪುಟದ ಕೃಷಿ ಸಚಿವ ಶರದ್ ಪವಾರ್ ಬಿಟಿ ಬದನೆಯ ಪರ ಇದ್ದರೆ, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡ ಅಥವಾ ಈಗಲೇ ಬೇಡ ಎಂದವು.

ಹಾಗಾದರೆ ಯಾರ ಮಾತು ಕೇಳಬೇಕು? ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಯಾರು ಹೇಳಿದರು ಎಂದು ನೋಡುವ ಮೊದಲು, ಯಾವ ಪ್ರಶ್ನೆಗೆ ಉತ್ತರ ಹೇಳಿದರು ಎಂದು ನೋಡಿ. ಇಂಥ ಯಾವ ಚರ್ಚೆಯಲ್ಲೂ ಮೂರು ಬಗೆಯ ಮಾತುಗಳು ಕಲಸಿಕೊಂಡಿರುತ್ತವೆ. ಅಕ್ಕಿ, ಬೇಳೆ, ಕಲ್ಲು ಬೇರೆ ಮಾಡುವ ಹಾಗೆ ಅವನ್ನು ಬೇರೆ ಮಾಡಬೇಕು.

ಮೊದಲನೆಯದು ಗೊತ್ತಿರುವ ಮಾತು. ಬಿಟಿ ಪ್ರೋಟೀನು ಮರಿಹುಳುವಿನ ಕರುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ? ನಮ್ಮ ಜಠರದಲ್ಲಿ ಆಮ್ಲವಿದೆಯಲ್ಲ, ಅಲ್ಲಿ ಅದು ಏನಾಗುತ್ತದೆ? ಬದನೆಯ ಹೂವಿಗೆ ದುಂಬಿ ಬರುತ್ತದೆಯೇ, ಪರಾಗ ಪಕ್ಕದ ಹೊಲಕ್ಕೆ ಹೋಗುತ್ತದೆಯೇ? ಇವಕ್ಕೆ ಉತ್ತರ ಪ್ರಯೋಗದಿಂದ ಬರಬೇಕು. ಇಲ್ಲಿ ಬಹುಮತ ನಡೆಯುವುದಿಲ್ಲ. ಎಂಟು ಸಾವಿರ ಜನ ಕೈ ಎತ್ತಿದರೂ ಜಠರದ ಆಮ್ಲ ಕ್ಷಾರವಾಗುವುದಿಲ್ಲ.

ಎರಡನೆಯದು ಗೊತ್ತಿಲ್ಲದ ಮಾತು. ಇಲಿಗಳಿಗೆ ತೊಂಬತ್ತು ದಿನ ತಿನ್ನಿಸಿ ನೋಡಿದ್ದರು. ಅದಕ್ಕಿಂತ ಹೆಚ್ಚು ಕಾಲ ತಿಂದರೆ? ಹುಳುಗಳು ಈ ಪ್ರೋಟೀನಿಗೆ ಒಗ್ಗಿಕೊಂಡರೆ? ಪರೀಕ್ಷೆಗೆ ಬೇಕಾದ ಮಾಹಿತಿಯನ್ನು ಬಹುಪಾಲು ಒದಗಿಸಿದ್ದು ಬೀಜ ಮಾರುವ ಕಂಪನಿಯೇ. ಬೇರೆಯವರು ಸ್ವತಂತ್ರವಾಗಿ ಮಾಡಿ ನೋಡಿದರೆ ಅದೇ ಫಲಿತಾಂಶ ಬರುತ್ತದೆಯೇ? ನಮ್ಮ ಪಾಠಪುಸ್ತಕದಲ್ಲಿ ಎಲ್ಲ ಪ್ರಶ್ನೆಗೂ ಕೊನೆಯ ಪುಟದಲ್ಲಿ ಉತ್ತರ ಇರುತ್ತದೆ. ನಿಜವಾದ ವಿಜ್ಞಾನದಲ್ಲಿ ಖಾಲಿ ಬಿಟ್ಟ ಸ್ಥಳಗಳೇ ಹೆಚ್ಚು. ಒಳ್ಳೆಯ ತಜ್ಞ ಆ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸುತ್ತಾನೆ.

ಮೂರನೆಯದು ಆಗಬೇಕಾದ್ದರ ಮಾತು. ಎಷ್ಟು ಅಪಾಯವನ್ನು ನಾವು ಸಹಿಸಬಹುದು? ಆ ಅಪಾಯ ಯಾರ ಪಾಲಿಗೆ, ಲಾಭ ಯಾರ ಪಾಲಿಗೆ? ಉಡುಪಿಯ ಮಟ್ಟು ಗುಳ್ಳ, ಮೈಸೂರಿನ ಈರನಗೆರೆ ಬದನೆಯಂಥ ತಳಿಗಳು ಬೆರಕೆಯಾಗದೆ ಉಳಿಯುವುದು ನಮಗೆ ಎಷ್ಟು ಮುಖ್ಯ? ಬೀಜದ ಮೇಲೆ ರೈತನ ಹಕ್ಕು ಎಷ್ಟು, ಕಂಪನಿಯ ಹಕ್ಕು ಎಷ್ಟು? ಇವಕ್ಕೆ ಯಾವ ಸೂಕ್ಷ್ಮದರ್ಶಕದಲ್ಲೂ ಉತ್ತರ ಕಾಣದು. ಇಲ್ಲಿ ನೊಬೆಲ್ ಪಡೆದ ವಿಜ್ಞಾನಿಯ ಓಟೂ ಒಂದೇ, ಮಟ್ಟು ಗ್ರಾಮದ ರೈತನ ಓಟೂ ಒಂದೇ. ತೀರ್ಮಾನಿಸುವ ಹೊಣೆ ನಾವು ಆರಿಸಿ ಕಳಿಸಿದವರದು, ಏಕೆಂದರೆ ತಪ್ಪಾದರೆ ನಾವು ಇಳಿಸಬಹುದಾದದ್ದು ಅವರನ್ನು ಮಾತ್ರ.

ಜಗಳವೆಲ್ಲ ಹುಟ್ಟುವುದು ಒಬ್ಬರ ಅಂಗಿಯನ್ನು ಇನ್ನೊಬ್ಬರು ತೊಟ್ಟಾಗ. ‘ವಿಜ್ಞಾನ ಒಪ್ಪಿದೆ, ಆದ್ದರಿಂದ ಬೆಳೆಯಲೇಬೇಕು’ ಎನ್ನುವ ತಜ್ಞರು ಮೊದಲನೆಯ ಮಾತಿನಿಂದ ಮೂರನೆಯದಕ್ಕೆ ಹಾರುತ್ತಾರೆ. ‘ಜನರಿಗೆ ಬೇಡ, ಆದ್ದರಿಂದ ಅದು ವಿಷ’ ಎನ್ನುವ ಮುಖಂಡರು ಮೂರನೆಯದರಿಂದ ಮೊದಲನೆಯದಕ್ಕೆ ಹಾರುತ್ತಾರೆ. ಎರಡೂ ನೆಗೆತಗಳಲ್ಲಿ ನಡುವಿನ ‘ಗೊತ್ತಿಲ್ಲ’ ಕಾಲಡಿಗೆ ಸಿಕ್ಕಿ ಹೋಗುತ್ತದೆ.

ಸಚಿವರ ಆದೇಶವನ್ನು ಈ ಕಣ್ಣಿನಿಂದ ಓದಬಹುದು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಸ್ವತಂತ್ರ ಪರೀಕ್ಷೆ ಬೇಕು ಎಂದದ್ದು ಎರಡನೆಯ ಬಗೆ. ರಾಜ್ಯಗಳು ಒಪ್ಪಿಲ್ಲ, ಜನರಲ್ಲಿ ಅಂಜಿಕೆ ಇದೆ, ಆತುರಪಡುವ ಅಗತ್ಯ ಕಾಣುವುದಿಲ್ಲ ಎಂದದ್ದು ಮೂರನೆಯ ಬಗೆ. ಬಿಟಿ ಬದನೆ ವಿಷ ಎಂದು ಅವರು ಎಲ್ಲೂ ತೀರ್ಪು ಕೊಡಲಿಲ್ಲ. ಬಂದ ಪತ್ರಗಳನ್ನು, ಪರ ವಿರೋಧಗಳನ್ನು ಆದೇಶದ ಜೊತೆಗೇ ಪ್ರಕಟಿಸಿದರು. ತೀರ್ಮಾನವನ್ನು ನೀವು ಒಪ್ಪಬಹುದು, ಬಿಡಬಹುದು. ಯಾವ ಕಾರಣಕ್ಕೆ ಎಂಬುದು ಕಾಗದದ ಮೇಲೆ ಇದೆ. ಆದ್ದರಿಂದ ವಾದ ಮಾಡಲು ಸಾಧ್ಯ.

ಒಪ್ಪದಿರುವವರ ಮಾತಿಗೂ ತೂಕವಿದೆ. ‘ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು’ ಎಂದುಕೊಂಡು ನಿರ್ಧಾರ ಮುಂದೂಡುವುದು ಸುಲಭ. ಮುಂದೂಡುವುದೂ ಒಂದು ನಿರ್ಧಾರವೇ; ಅದಕ್ಕೂ ಬೆಲೆ ತೆರುವವರಿದ್ದಾರೆ. ತಡೆ ಬಿದ್ದ ಮೇಲೂ ಹುಳು ಕೊರೆಯುವುದನ್ನು ನಿಲ್ಲಿಸಲಿಲ್ಲ, ರೈತ ಬೆನ್ನಿಗೆ ಡಬ್ಬಿ ಕಟ್ಟಿ ವಿಷ ಹೊಡೆಯುವುದೂ ನಿಲ್ಲಲಿಲ್ಲ. ನೆರೆಯ ಬಾಂಗ್ಲಾದೇಶ 2013ರಲ್ಲಿ ಇದೇ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು, 2014ರ ಜನವರಿಯಲ್ಲಿ ಇಪ್ಪತ್ತು ರೈತರ ಕೈಗೆ ಸಸಿಗಳನ್ನು ಕೊಟ್ಟಿತು. ಅಲ್ಲಿ ಕೀಟನಾಶಕದ ಖರ್ಚು ಕಡಿಮೆಯಾದದ್ದನ್ನು ಮುಂದಿನ ಅಧ್ಯಯನಗಳು ತೋರಿಸಿವೆ.

ಇನ್ನೊಂದು ತಟ್ಟೆಗೂ ತೂಕ ಹಾಕಬೇಕು. ಸಚಿವರ ಆದೇಶ ಬಂದ ಮರುತಿಂಗಳು, 2010ರ ಮಾರ್ಚ್‌ನಲ್ಲಿ, ಗುಜರಾತಿನ ಹತ್ತಿ ಹೊಲಗಳ ಗುಲಾಬಿ ಕಾಯಿಕೊರಕ ಹುಳು ಬಿಟಿ ಪ್ರೋಟೀನಿಗೆ ಒಗ್ಗಿಕೊಂಡಿದೆ ಎಂದು ಮಾನ್ಸಾಂಟೊ ಕಂಪನಿಯೇ ಹೇಳಿತು. ‘ಗೊತ್ತಿಲ್ಲ’ ಎಂಬ ಅಂಕಣದಲ್ಲಿದ್ದ ಒಂದು ಸಾಲು ಹೀಗೆ ‘ಗೊತ್ತಿದೆ’ ಎಂಬ ಅಂಕಣಕ್ಕೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೇಶದ ಆರು ವಿಜ್ಞಾನ ಅಕಾಡೆಮಿಗಳು ಸೇರಿ ಬಿಟಿ ಬದನೆಯ ಪರ ವರದಿ ಕೊಟ್ಟವು. ಬೇರೊಂದು ಲೇಖನದ ಸಾಲುಗಳನ್ನು ಮೂಲ ಹೇಳದೆ ಅದರಲ್ಲಿ ಎತ್ತಿ ಹಾಕಿದ್ದು ಬಯಲಾಗಿ, ವರದಿಯನ್ನು ತಿದ್ದಿ ಮತ್ತೆ ಕೊಡಬೇಕಾಯಿತು. ನಮ್ಮ ಶಾಲೆಯ ಪ್ರಾಜೆಕ್ಟುಗಳನ್ನು ನಕಲು ಮಾಡುವ ಮಕ್ಕಳೂ, ಮಾಡಿಸಿಕೊಡುವ ಪಾಲಕರೂ ಇದನ್ನು ಗಮನಿಸಬೇಕು. ನಂಬಿಕೆ ಒಮ್ಮೆ ಸೋರಿದರೆ, ಸರಿಯಾಗಿ ಹೇಳಿದ ಮಾತೂ ಅದರ ಜೊತೆಗೇ ಸೋರಿಹೋಗುತ್ತದೆ.

2010ರಲ್ಲೇ ಆ ತಜ್ಞರ ಸಮಿತಿಯ ಹೆಸರಿನಲ್ಲಿ ಒಂದು ಪದ ಬದಲಾಯಿತು. ‘ಒಪ್ಪಿಗೆ ಸಮಿತಿ’ ಎಂಬ ಅರ್ಥದ ಹೆಸರು ಹೋಗಿ ‘ಮೌಲ್ಯಮಾಪನ ಸಮಿತಿ’ ಎಂಬ ಅರ್ಥದ್ದು ಬಂತು. ಚಿಕ್ಕ ತಿದ್ದುಪಡಿ, ಆದರೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಅದರಲ್ಲಿದೆ. ತಜ್ಞರು ಅಳೆದು ಹೇಳಲಿ. ಒಪ್ಪುವುದೋ ಬಿಡುವುದೋ ಜನರಿಗೆ ಉತ್ತರ ಕೊಡಬೇಕಾದವರು ಹೇಳಲಿ.

ಈ ಪಂಚಾಯಿತಿ ಮುಗಿದಿಲ್ಲ. 2022ರ ಅಕ್ಟೋಬರ್‌ನಲ್ಲಿ ಅದೇ ಸಮಿತಿ ಕುಲಾಂತರಿ ಸಾಸಿವೆಯನ್ನು ಹೊಲಕ್ಕೆ ಬಿಡಲು ಶಿಫಾರಸು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಪ್ಪಿಗೆಯ ಬಗ್ಗೆ ಬೇರೆ ಬೇರೆ ತೀರ್ಪು ಕೊಟ್ಟರು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಎಲ್ಲರ ಜೊತೆ ಸಮಾಲೋಚಿಸಿ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕು. ಅಂದರೆ ಬದನೆಯ ನಂತರ ಸಾಸಿವೆ. ನಾಳೆ ಇನ್ನೇನು ಬರುತ್ತದೋ, ಅದನ್ನು ತೀರ್ಮಾನಿಸುವವರಲ್ಲಿ ಇಂದು ಒಂಬತ್ತನೆಯ, ಹತ್ತನೆಯ ತರಗತಿಯಲ್ಲಿ ಕೂತಿರುವ ನೀವೂ ಇರುತ್ತೀರಿ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಒಂದು ಮನೆಗೆಲಸ. ಮುಂದಿನ ಸಲ ಇಂಥ ಚರ್ಚೆ ನೋಡುವಾಗ ನೋಟುಪುಸ್ತಕದ ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ‘ಗೊತ್ತಿದೆ’, ‘ಗೊತ್ತಿಲ್ಲ’, ‘ಆಗಬೇಕು’ ಎಂದು ತಲೆಬರಹ ಕೊಡಿ. ಯಾರು ಏನು ಹೇಳಿದರೂ ಮೂರರಲ್ಲಿ ಒಂದಕ್ಕೆ ಹಾಕಿ. ಯಾವ ಅಂಕಣಕ್ಕೂ ಸೇರದ ಬೈಗುಳ, ವ್ಯಂಗ್ಯಗಳನ್ನು ಹಾಳೆಯ ಅಂಚಿನಲ್ಲಿ ಬಿಡಿ. ತಂದೆತಾಯಂದಿರು ಇನ್ನೊಂದು ಹಾಳೆಯಲ್ಲಿ ಇದನ್ನೇ ಮಾಡಲಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಮಾತನ್ನು ಅಪ್ಪ ‘ಗೊತ್ತಿದೆ’ ಎಂದೂ ಮಗಳು ‘ಆಗಬೇಕು’ ಎಂದೂ ಬರೆದುಕೊಂಡಿದ್ದರೆ, ಮನೆಯ ಮಾತುಕತೆ ಅಲ್ಲಿಂದಲೇ ಶುರುವಾಗಲಿ. ಟಿ.ವಿ. ಆರಿಸಿದರೂ ನಷ್ಟವಿಲ್ಲ.